ನಾಲ್ಕು ವರ್ಷದ ಮಗುವಿಗೆ ಕಂಪ್ಯೂಟರ್ ಆಟ: ಆರಿಸುವ ಮೊದಲು ಏನೇನು ನೋಡಬೇಕು?

ಪ್ಲೇ ಸ್ಟೋರ್ ತೆರೆದು ಪುಟ್ಟ ಮಕ್ಕಳ ಆಟ ಅಂತ ಹುಡುಕಿ ನೋಡಿ. ಎಷ್ಟು ಮೇಲೆ ತಳ್ಳಿದರೂ ಪಟ್ಟಿ ಮುಗಿಯುವುದಿಲ್ಲ. ಎಲ್ಲದರ ಮೇಲೂ ದೊಡ್ಡ ಕಣ್ಣಿನ ಬೆಕ್ಕು, ನಗುವ ಬಸ್ಸು, ಬಣ್ಣಬಣ್ಣದ ಬಲೂನು. ಎಲ್ಲದಕ್ಕೂ ನಾಲ್ಕು, ನಾಲ್ಕೂವರೆ ಸ್ಟಾರ್. ಕೆಳಗೆ 3+ ಅಂತ ಬರೆದಿದ್ದರೆ, ನಮ್ಮ ಪುಟ್ಟನಿಗೆ ಮೂರೂವರೆ, ಸರಿಹೋಯ್ತು ಅಂದುಕೊಂಡು ಇನ್‌ಸ್ಟಾಲ್ ಒತ್ತಿಬಿಡುತ್ತೇವೆ.

ಆ 3+ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಅದು ಮೂರು ವರ್ಷದ ಮಕ್ಕಳಿಗಾಗಿ ಮಾಡಿದ ಆಟ ಅನ್ನುವ ಗುರುತಲ್ಲ. ಆಟ ತಯಾರಿಸಿದವರು ಐಎಆರ್‌ಸಿ ಅನ್ನುವ ಅಂತರರಾಷ್ಟ್ರೀಯ ವ್ಯವಸ್ಥೆಯ ಒಂದು ಪ್ರಶ್ನಾವಳಿ ತುಂಬುತ್ತಾರೆ. ಹೊಡೆದಾಟ ಇದೆಯಾ, ಕೆಟ್ಟ ಮಾತು ಇದೆಯಾ, ಜೂಜು ಇದೆಯಾ, ಹೀಗೆ. ಎಲ್ಲದಕ್ಕೂ ಇಲ್ಲ ಅಂದರೆ 3+ ಸಿಗುತ್ತದೆ. ಮೊಬೈಲಿನ ಕ್ಯಾಲ್ಕುಲೇಟರ್ ಆ್ಯಪ್‌ಗೂ ಇದೇ 3+. ಆ್ಯಪಲ್ ಅಂಗಡಿಯಲ್ಲಿ 4+ ಅಂತ ಇರುತ್ತದೆ, ಅರ್ಥ ಹೆಚ್ಚುಕಮ್ಮಿ ಅದೇ. ಅಂದರೆ ಮಗು ನೋಡಬಾರದ್ದು ಏನೂ ಇಲ್ಲ ಅಂತಷ್ಟೇ. ಮಗುವಿನ ಕೈಗೆ ಆಟ ಒಗ್ಗುತ್ತದಾ, ತಲೆಗೆ ಹತ್ತುತ್ತದಾ, ಮಜಾ ಬರುತ್ತದಾ ಅನ್ನುವುದನ್ನು ಆ ಅಂಕೆ ಹೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು? ನನ್ನ ಪ್ರಕಾರ ಮೊದಲ ಪ್ರಶ್ನೆ ಇದು: ಈ ಆಟ ಮಾಡಿದವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಬಣ್ಣ, ಹಾಡು, ಪಾಠ ಎಲ್ಲ ಆಮೇಲೆ. ಆಟ ನಿಮ್ಮ ಮಗುವಿನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ದುಡ್ಡಿನ ದಾರಿ

ಫ್ರೀ ಆಟಗಳಲ್ಲಿ ಬಹುತೇಕ ಜಾಹೀರಾತಿನಿಂದ ನಡೆಯುತ್ತವೆ. ಜಾಹೀರಾತು ಜಾಸ್ತಿ ನೋಡಿದಷ್ಟೂ, ಒತ್ತಿದಷ್ಟೂ ತಯಾರಕರಿಗೆ ಲಾಭ. ಹಾಗಿದ್ದಮೇಲೆ ಮಗು ಬೇಗ ಆಟ ಮುಗಿಸಿ ಎದ್ದು ಹೋಗಲಿ ಅಂತ ಅವರು ಯಾಕೆ ಬಯಸುತ್ತಾರೆ? ಹತ್ತು ಸೆಕೆಂಡಿಗೊಮ್ಮೆ ಪಟಾಕಿ, ನಾಣ್ಯಗಳ ಮಳೆ, ನಾಳೆ ಬಂದರೆ ಬಹುಮಾನ ಅನ್ನುವ ಡಬ್ಬಿ, ಇವೆಲ್ಲ ಮಗುವನ್ನು ಕೂರಿಸಿಕೊಳ್ಳುವ ಉಪಾಯಗಳು.

2018ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ 135 ಆ್ಯಪ್‌ಗಳನ್ನು ಆಡಿ ನೋಡಿದರು. ಅದರಲ್ಲಿ ಶೇ 95ರಷ್ಟು ಆ್ಯಪ್‌ಗಳಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ಆಟದ ಮಧ್ಯೆ ನುಗ್ಗುವ ವಿಡಿಯೋ ಎಲ್ಲರಿಗೂ ಗೊತ್ತು. ಆದರೆ ಅವರಿಗೆ ಕಂಡದ್ದು ಅದಷ್ಟೇ ಅಲ್ಲ. ಒಂದು ಡಾಕ್ಟರ್ ಆಟದಲ್ಲಿ, ಅಂಗಡಿ ಪುಟ ತೆರೆದು ಏನೂ ಕೊಳ್ಳದೆ ಮುಚ್ಚಿದರೆ ಆಟದ ಪಾತ್ರ ಅಳುತ್ತಿತ್ತು. ಯೋಚಿಸಿ, ನಾಲ್ಕು ವರ್ಷದ ಮಗುವಿನ ಮುಂದೆ ಅದರ ಗೆಳೆಯ ಅಳುತ್ತಿದ್ದಾನೆ. ಮಗು ಏನು ಮಾಡುತ್ತದೆ? ನಿಮ್ಮ ಹತ್ತಿರ ಓಡಿ ಬರುತ್ತದೆ. ಜಾತ್ರೆಯಲ್ಲಿ ಬಲೂನಿನವನು ಬಲೂನನ್ನು ಸೀದಾ ಮಗುವಿನ ಕೈಗೇ ಕೊಟ್ಟು, ಆಮೇಲೆ ಅಪ್ಪನ ಮುಖ ನೋಡುತ್ತಾನಲ್ಲ, ಅದೇ ಲೆಕ್ಕ.

ಇದೇ ವಿಷಯದ ಮೇಲೆ 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಮೂರರಿಂದ ಐದು ವರ್ಷದ ಮಕ್ಕಳು ದಿನವೂ ಬಳಸುವ ಆ್ಯಪ್‌ಗಳನ್ನು ನೋಡಿ, ಮಕ್ಕಳನ್ನು ಒತ್ತಾಯಿಸುವ ತಂತ್ರಗಳನ್ನು ನಾಲ್ಕು ಗುಂಪು ಮಾಡಿತು. ಪ್ರೀತಿಯ ಪಾತ್ರದ ಬಾಯಲ್ಲಿ ಕರೆಸುವುದು ಒಂದು. ಟೈಮ್ ಮುಗೀತಾ ಬಂತು ಅಂತ ಗಡಿಯಾರ ತೋರಿಸಿ ಅವಸರ ಮಾಡುವುದು ಇನ್ನೊಂದು. ಹೊರಗೆ ಹೋಗುವ ದಾರಿ ಸಿಗದ ಹಾಗೆ ಮಾಡುವುದು ಮೂರನೆಯದು: ಮುಚ್ಚುವ ಗುರುತು ಸಾಸಿವೆಯಷ್ಟು, ಅದೂ ತಡವಾಗಿ ಕಾಣಿಸುತ್ತದೆ, ಅಥವಾ ಒಂದು ಹಂತ ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಕೊನೆಯದು ಥಳಥಳ ಹೊಳೆಯುವ ಆಮಿಷ, ಈ ವಿಡಿಯೋ ನೋಡಿದರೆ ನೂರು ನಾಣ್ಯ ಅನ್ನುವಂಥದ್ದು. ಮುಂದಿನ ಸಲ ಮಗು ಆಡುವಾಗ ಪಕ್ಕದಲ್ಲಿ ಕೂತು ಈ ನಾಲ್ಕನ್ನೂ ಹುಡುಕಿ. ಸಿಗುತ್ತವೆ.

ದೊಡ್ಡವರಿಗೂ ಹೀಗೇ ಮಾಡುತ್ತಾರಲ್ವಾ ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಇದು ಮಾರಾಟದ ಮಾತು ಅಂತ ನಮಗೆ ಗೊತ್ತಾಗುತ್ತದೆ. ಇನ್ನೂ ಶಾಲೆಗೆ ಸೇರದ ಪುಟ್ಟ ಮಗುವಿಗೆ ಆಟ ಯಾವುದು, ಜಾಹೀರಾತು ಯಾವುದು ಅಂತಲೇ ಬೇರೆ ಮಾಡಿ ನೋಡಲು ಬರುವುದಿಲ್ಲ. ಅದಕ್ಕೆ ಎರಡೂ ಒಂದೇ ಆಟದ ಭಾಗ.

ಇನ್ನು ಆಟದ ಒಳಗೆ ಕೊಳ್ಳುವ ವ್ಯವಹಾರ. ಆ್ಯಪ್ ಇಳಿಸುವಾಗ ಫ್ರೀ, ಒಳಗೆ ಹೋದಮೇಲೆ ಬೀಗ ಹಾಕಿದ ಕೋಣೆಗಳು. ಅಮೆರಿಕದಲ್ಲಿ ಇದು ಎಷ್ಟು ದೊಡ್ಡ ಗಲಾಟೆಯಾಯಿತೆಂದರೆ, 2014ರಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆ್ಯಪಲ್ ಕನಿಷ್ಠ 3.25 ಕೋಟಿ ಡಾಲರ್ ವಾಪಸ್ ಕೊಡಲು ಒಪ್ಪಿತು. ಅದೇ ವರ್ಷ ಗೂಗಲ್ ಕನಿಷ್ಠ 1.9 ಕೋಟಿ ಡಾಲರ್. ಆ್ಯಪಲ್ ವಿಷಯದಲ್ಲಿ ಆಗಿದ್ದಿಷ್ಟು: ಅಪ್ಪ ಅಥವಾ ಅಮ್ಮ ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮತ್ತೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಮಗು ಎಷ್ಟು ಬೇಕಾದರೂ ಕೊಳ್ಳಬಹುದಿತ್ತು. ಈಗ ವ್ಯವಸ್ಥೆ ಸುಧಾರಿಸಿದೆ. ಆದರೂ ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಮಗುವಿನ ಕೈಗೆ ಕೊಡುವ ಫೋನಿನಲ್ಲಿ ಕಾರ್ಡ್, ಯುಪಿಐ ಯಾವುದೂ ಸೇರಿಸದೇ ಇರುವುದು ಇನ್ನೂ ಒಳ್ಳೆಯದು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಲೆಕ್ಕ ಹಾಕುತ್ತದೆ. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಅವರ ಹಿಂದೆ ಬಿದ್ದು, ಏನು ಮಾಡುತ್ತಾರೆ ಅಂತ ನೋಡಿ, ಅದಕ್ಕೆ ತಕ್ಕ ಜಾಹೀರಾತು ತೋರಿಸಬಾರದು ಅಂತಲೂ ಹೇಳುತ್ತದೆ. ಕಾಯ್ದೆ ಒಳ್ಳೆಯದೇ. ಆದರೆ ಎಲ್ಲೋ ಯಾವುದೋ ದೇಶದಲ್ಲಿ ಕೂತು ಮಾಡಿದ ಬಲೂನ್ ಆಟದ ಮೇಲೆ ಕಣ್ಣಿಡುವ ಕೆಲಸ ಸದ್ಯಕ್ಕೆ ನಮ್ಮದೇ.

ಒಂದು ಸುಲಭದ ಪರೀಕ್ಷೆ ಇದೆ. ಆಟ ಇನ್‌ಸ್ಟಾಲ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ಆಟ ತೆರೆಯಿರಿ. ಬಲೂನು ಒಡೆಯುವ ಆಟಕ್ಕೆ ಇಂಟರ್ನೆಟ್ ಯಾಕೆ ಬೇಕು? ನೆಟ್ ಇಲ್ಲದೆ ಶುರುವೇ ಆಗುವುದಿಲ್ಲ ಅಂತ ಹಟ ಹಿಡಿದರೆ ಅದನ್ನು ತೆಗೆದುಹಾಕಿ. ಚೆನ್ನಾಗಿ ನಡೆದರೆ, ಮಗು ಆಡುವಾಗಲೆಲ್ಲ ಅದೇ ಮೋಡ್‌ನಲ್ಲಿ ಕೊಡಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ದುಡ್ಡು ಕೊಟ್ಟೇ ಕೊಳ್ಳುವ ಆಟಗಳೂ ಇವೆ. ಒಂದೇ ಸಲ ಕೊಟ್ಟು ಮುಗಿಯುವಂಥದ್ದು ತಿಂಗಳ ಚಂದಾಗಿಂತ ನನಗೆ ಇಷ್ಟ. ಚಂದಾ ಕಟ್ಟಿದ ಮೇಲೆ, ದುಡ್ಡು ದಂಡವಾಗಬಾರದು ಅಂತ ನಾವೇ ಮಗುವಿನ ಕೈಗೆ ಟ್ಯಾಬ್ ಕೊಡಲು ಶುರು ಮಾಡುತ್ತೇವೆ. ಇವೆರಡೂ ಬೇಡ, ನಿಜವಾಗಿಯೂ ಬಿಟ್ಟಿ ಬೇಕು ಅನ್ನುವವರಿಗೂ ದಾರಿ ಇದೆ. ಅದನ್ನು ಹೇಳುವ ಮೊದಲು ಈ ವಯಸ್ಸಿನ ಮಕ್ಕಳಿಗೆ ಮಜಾ ಅಂದರೆ ಏನು ಅಂತ ನೋಡೋಣ.

ಅವರ ಮಜಾ ನಮ್ಮ ಮಜಾ ಅಲ್ಲ

ನಮಗೆ ಗೆಲುವು ಬೇಕು, ಅಂಕ ಬೇಕು, ಕಷ್ಟದ ಹಂತ ದಾಟಿದ ಖುಷಿ ಬೇಕು. ಮೂರು ನಾಲ್ಕು ವರ್ಷದವರಿಗೆ ಇದು ಯಾವುದೂ ಬೇಡ. ನಾನು ಒತ್ತಿದೆ, ಅದು ಕೂಗಿತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಕೂಗಿತು. ಅವರಿಗೆ ಇಷ್ಟರಲ್ಲೇ ಪರಮಾನಂದ. ಇಪ್ಪತ್ತು ಸಲ ಅದನ್ನೇ ಮಾಡುತ್ತಾರೆ. ನಮಗೆ ಬೋರಾಗುತ್ತದೆ, ಅವರಿಗಲ್ಲ. ಹಸುವಿಗೆ ಟೋಪಿ ಹಾಕಿದರೆ ಬಿದ್ದು ಬಿದ್ದು ನಗುತ್ತಾರೆ. ಸುಳ್ಳು ಸುಳ್ಳೇ ಅಡುಗೆ ಮಾಡಿ ಬಡಿಸುವುದು, ಗೊಂಬೆಗೆ ಸ್ನಾನ ಮಾಡಿಸುವುದು, ಒಂದನ್ನು ಕಟ್ಟಿ ಬೀಳಿಸುವುದು ಅವರ ಆಟ. ಕಂಪ್ಯೂಟರ್‌ನಲ್ಲಿಯೂ ಅವರು ಹುಡುಕುವುದು ಅದನ್ನೇ.

ಹಾಗಾಗಿ ಸೋಲು ಇರುವ ಆಟ ಬೇಡ. ಟೈಮ್ ಲೆಕ್ಕ ಹಾಕುವ ಆಟ ಬೇಡ. ಸೂಚನೆ ಓದಿ ಆಡಬೇಕಾದದ್ದಂತೂ ಬೇಡವೇ ಬೇಡ, ಅವರಿಗೆ ಇನ್ನೂ ಓದಲು ಬರುವುದಿಲ್ಲ! ತಪ್ಪು ಮಾಡಿದಾಗ ಆಟ ಏನು ಮಾಡುತ್ತದೆ ಅಂತಲೂ ನೋಡಿ. ಕೆಂಪು ಗುಣಿಸು ಚಿಹ್ನೆ ಹಾಕಿ ಬೂ ಅನ್ನುತ್ತದಾ, ಅಥವಾ ತಮಾಷೆಯಾಗಿ ಏನೋ ಒಂದು ಆಗಿ ಮತ್ತೆ ಮಾಡಲು ಬಿಡುತ್ತದಾ? ಕೆಲವು ಆಟಗಳಲ್ಲಿ ತಪ್ಪು ಉತ್ತರದ ಸದ್ದೇ ಸರಿ ಉತ್ತರದ ಸದ್ದಿಗಿಂತ ಮಜವಾಗಿರುತ್ತದೆ. ಆಗ ಮಗು ಬೇಕಂತಲೇ ತಪ್ಪು ಒತ್ತುತ್ತದೆ. ಇದನ್ನು ಮಗುವಿನ ಕಿತಾಪತಿ ಅನ್ನಬೇಡಿ, ಆಟ ಮಾಡಿದವರ ಎಡವಟ್ಟು.

ಕೈಯ ವಿಷಯಕ್ಕೆ ಬರೋಣ. ಟಚ್ ಸ್ಕ್ರೀನ್‌ನಲ್ಲಿ ಒಂದು ಬೆರಳಿನಿಂದ ತಟ್ಟುವುದು ಎಲ್ಲಕ್ಕಿಂತ ಸುಲಭ. ಹಿಡಿದು ಎಳೆದುಕೊಂಡು ಹೋಗುವುದು ಅದಕ್ಕಿಂತ ಕಷ್ಟ, ಮಧ್ಯದಲ್ಲಿ ಬೆರಳು ಎದ್ದುಬಿಡುತ್ತದೆ. ಮೌಸ್ ಇನ್ನೂ ಕಷ್ಟ. ಅಮೆರಿಕದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಕೆಲಸಕ್ಕೆ ಹಚ್ಚಿದರು: ಪರದೆಯ ಮೇಲಿನ ಗುರಿಯನ್ನು ಮೌಸ್‌ನಿಂದ ಮುಟ್ಟುವುದು. ದೊಡ್ಡವರು ಸೀದಾ ಹೋಗಿ ಮುಟ್ಟಿದರು. ಮಕ್ಕಳ ಬಾಣದ ಗುರುತು ಗುರಿ ದಾಟಿ ಮುಂದೆ ಹೋಗಿ, ಹಿಂದೆ ಬಂದು, ಅದರ ಸುತ್ತಮುತ್ತ ಅಲೆದಾಡಿ ಕೊನೆಗೆ ಒಳಗೆ ಬಂತು. ಹಾಗಾಗಿ ಚಿಕ್ಕ ಚಿಕ್ಕ ಗುಂಡಿಗಳಿರುವ ಆಟ ಅವರಿಗೆ ಆಗಿಬರುವುದಿಲ್ಲ. ಗುಂಡಿಗಳು ದೊಡ್ಡದಿರಬೇಕು, ಒಂದೇ ಕ್ಲಿಕ್ ಸಾಕಾಗಬೇಕು. ಡಬಲ್ ಕ್ಲಿಕ್ ಕೇಳುವ ಆಟವನ್ನು ಎರಡು ವರ್ಷ ಬಿಟ್ಟು ನೋಡಿ.

ಎರಡು ಒಳ್ಳೆಯ ಆಟ

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ನಾನು ಮೊದಲು ಹೇಳುವುದು ಟಕ್ಸ್ ಪೇಂಟ್. ಬಿಲ್ ಕೆಂಡ್ರಿಕ್ ಅನ್ನುವವರು 2002ರಲ್ಲಿ ಶುರು ಮಾಡಿದ ಚಿತ್ರ ಬಿಡಿಸುವ ತಂತ್ರಾಂಶ. ಮೂರು ವರ್ಷದಿಂದ ಮೇಲಿನವರಿಗೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ನಡೆಯುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ. ಸ್ವಯಂಸೇವಕರು ಸೇರಿ ಬೆಳೆಸಿದ ಮುಕ್ತ ತಂತ್ರಾಂಶ. ಅದು ಬಂದಿರುವ ಹತ್ತಾರು ಭಾಷೆಗಳಲ್ಲಿ ಕನ್ನಡವೂ ಇದೆ.

ಇದು ಆಟವಾ ಅಂತ ಕೇಳಬಹುದು. ಮಗುವನ್ನು ಕೂರಿಸಿ ನೋಡಿ. ಕುಂಚ ಎಳೆದರೆ ಸದ್ದು ಬರುತ್ತದೆ. ಚಿತ್ರದ ಅಚ್ಚು ಒತ್ತುವ ಸಾಧನ ಇದೆ, ಪ್ರಾಣಿ, ಹಣ್ಣು, ಗಾಡಿ ಏನು ಬೇಕಾದರೂ ಠಪ್ ಅಂತ ಒತ್ತಬಹುದು. ಮ್ಯಾಜಿಕ್ ಅನ್ನುವ ಗುಂಡಿಯ ಕೆಳಗೆ ಕಾಮನಬಿಲ್ಲು, ಹುಲ್ಲು, ಇಟ್ಟಿಗೆ ಗೋಡೆ, ಮಳೆ, ರೈಲು ಹಳಿ. ಮಗು ಕೈ ಎಳೆದ ಕಡೆ ಹಳಿ ಹಾಸಿಕೊಂಡು ಹೋಗುತ್ತದೆ. ಕೆಳಗೆ ಟಕ್ಸ್ ಅನ್ನುವ ಪೆಂಗ್ವಿನ್ ನಿಂತು ಏನು ಮಾಡಬಹುದು ಅಂತ ಹೇಳುತ್ತಿರುತ್ತದೆ.

ಹೊರಗೆ ಕಾಣದ ಕಡೆಯೂ ಇದನ್ನು ಚೆನ್ನಾಗಿ ಯೋಚಿಸಿ ಮಾಡಿದ್ದಾರೆ. ಚಿತ್ರ ಉಳಿಸುವಾಗ ಹೆಸರು ಕೊಡು, ಫೋಲ್ಡರ್ ಹುಡುಕು ಅಂತ ಕೇಳುವುದಿಲ್ಲ. ಒಂದು ಒತ್ತು, ಉಳಿಯಿತು. ಮತ್ತೆ ತೆರೆಯುವಾಗ ಫೈಲ್ ಹೆಸರುಗಳ ಬದಲು ಪುಟ್ಟ ಪುಟ್ಟ ಚಿತ್ರಗಳೇ ಕಾಣುತ್ತವೆ. ಮೌಸ್ ಗುಂಡಿಯ ವಿಷಯದಲ್ಲೂ ಅಷ್ಟೇ. ಮೊದಲು ಮೌಸ್‌ನ ಯಾವ ಗುಂಡಿ ಒತ್ತಿದರೂ ಕೆಲಸ ಮಾಡುತ್ತಿತ್ತು. ಆಮೇಲೆ, ಮಕ್ಕಳಿಗೆ ತಪ್ಪು ಗುಂಡಿ ಅಭ್ಯಾಸವಾಗದಿರಲಿ ಅಂತ ಎಡಗುಂಡಿ ಮಾತ್ರ ಇಟ್ಟರು. ಆದರೆ ಅದು ಕಷ್ಟವಾಗುವ ಮಕ್ಕಳಿಗಾಗಿ ಹಳೆಯ ರೀತಿಯನ್ನು ಸೆಟ್ಟಿಂಗ್‌ನಲ್ಲಿ ಉಳಿಸಿದ್ದಾರೆ. ಜಾಹೀರಾತಿನಿಂದ ಬದುಕುವ ಆಟ ಮಾಡುವವರಿಗೆ ಇಷ್ಟು ವ್ಯವಧಾನ ಎಲ್ಲಿರುತ್ತದೆ?

ಎರಡನೆಯದು ಜಿಕಾಂಪ್ರಿ. 2000ದಲ್ಲಿ ಫ್ರಾನ್ಸಿನ ಬ್ರೂನೋ ಕುದ್ವಾ ಶುರು ಮಾಡಿದ್ದು, ಈಗ ಮುಕ್ತ ತಂತ್ರಾಂಶ ಮಾಡುವವರ ಕೆಡಿಇ ಸಮುದಾಯ ನೋಡಿಕೊಳ್ಳುತ್ತಿದೆ. ಇದೂ ಪೂರ್ತಿ ಉಚಿತ. ಎರಡರಿಂದ ಹತ್ತು ವರ್ಷದವರಿಗೆ ನೂರಕ್ಕೂ ಹೆಚ್ಚು ಪುಟ್ಟ ಆಟಗಳು ಒಂದೇ ಕಡೆ. ತೊಂದರೆಯೂ ಅದೇ. ಒಮ್ಮೆಲೇ ತೆರೆದರೆ ಚೆಸ್, ಗುಣಾಕಾರ, ವಿದ್ಯುತ್ ಸರ್ಕ್ಯೂಟ್ ಎಲ್ಲ ಎದುರಿಗೆ ಬಂದು ನಿಲ್ಲುತ್ತವೆ. ಅದಕ್ಕೆ ಪ್ರತಿ ಆಟದ ಮೇಲೂ ನಕ್ಷತ್ರದ ಗುರುತು ಇದೆ. ಸಾದಾ ನಕ್ಷತ್ರ ಒಂದರಿಂದ ಮೂರು ಇದ್ದರೆ ಎರಡರಿಂದ ಆರು ವರ್ಷದವರಿಗೆ. ಸೆಟ್ಟಿಂಗ್‌ಗೆ ಹೋಗಿ ಒಂದು ಮತ್ತು ಎರಡು ನಕ್ಷತ್ರದವು ಮಾತ್ರ ಕಾಣುವ ಹಾಗೆ ಮಾಡಿಡಿ. ಮೌಸ್ ಆಡಿಸಿದಂತೆ ಮೇಲಿನ ಪದರ ಅಳಿಸಿ ಕೆಳಗಿನ ಚಿತ್ರ ಕಾಣುವ ಆಟದಿಂದ ಶುರು ಮಾಡಿ. ಅದರಲ್ಲಿ ಕ್ಲಿಕ್ಕೂ ಬೇಡ, ಸುಮ್ನೆ ಕೈ ಆಡಿಸಿದರೆ ಸಾಕು. ಮೌಸ್ ಹಿಡಿಯಲು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಟ್ಯಾಬ್ ಮಾತ್ರ ಇರುವವರು ಖಾನ್ ಅಕಾಡೆಮಿ ಕಿಡ್ಸ್ ಅನ್ನುವ ಆ್ಯಪ್ ನೋಡಬಹುದು. 2018ರಲ್ಲಿ ಬಂದದ್ದು, ಎರಡರಿಂದ ಎಂಟು ವರ್ಷದವರಿಗೆ, ಜಾಹೀರಾತೂ ಇಲ್ಲ ಚಂದಾವೂ ಇಲ್ಲ. ಮಾತು ಬಹುತೇಕ ಇಂಗ್ಲಿಷ್, ಸ್ವಲ್ಪ ಪಾಠದ ವಾಸನೆಯೂ ಇದೆ. ಕಥೆ ಇರುವ ಆಟ ಬೇಕಾದರೆ ಸಿಡಿ ಕಾಲದ ಪಟ್ ಪಟ್ ಇದೆ. ನೇರಳೆ ಬಣ್ಣದ ಮಾತಾಡುವ ಕಾರಿನ ಸಾಹಸ, 1992ರಲ್ಲಿ ಹ್ಯೂಮಂಗಸ್ ಎಂಟರ್‌ಟೇನ್‌ಮೆಂಟ್ ತಂದದ್ದು. ಈಗ ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು. ಪರದೆಯ ಮೇಲೆ ಕಂಡಕಂಡದ್ದನ್ನೆಲ್ಲ ಕ್ಲಿಕ್ ಮಾಡಬಹುದು, ಏನೋ ಒಂದು ತಮಾಷೆ ಆಗುತ್ತದೆ. ಇದರ ಮಾತೂ ಇಂಗ್ಲಿಷೇ, ಹಾಗಾಗಿ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳುವವರು ಬೇಕು. ಅದೇನೂ ನಷ್ಟವಲ್ಲ.

ಕಲಿಕೆಯ ಆಟ ಅನ್ನುವ ಹಣೆಪಟ್ಟಿ

ಬರೀ ಆಟ ಯಾಕೆ, ಏನಾದರೂ ಕಲಿಯಲಿ ಅಂತ ಅಪ್ಪ ಅಮ್ಮಂದಿರ ಆಸೆ. ಇದನ್ನು ಆ್ಯಪ್ ಮಾಡುವವರು ಚೆನ್ನಾಗಿ ಅರಿತಿದ್ದಾರೆ. ಹಾಗಾಗಿ ಕಲಿಕೆ ಅನ್ನುವ ಹಣೆಪಟ್ಟಿಯನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು, ಪರೀಕ್ಷೆ ಮಾಡುವವರಿಲ್ಲ. 2015ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ಹರ್ಷ್-ಪಾಸೆಕ್ ಮತ್ತು ಸಂಗಡಿಗರು ಇದನ್ನು ಅಳೆಯಲು ನಾಲ್ಕು ಮಾತು ಹೇಳಿದರು. ಮಗು ತಲೆ ಓಡಿಸುತ್ತಿದೆಯಾ ಅಥವಾ ಬರೀ ತಟ್ಟುತ್ತಿದೆಯಾ? ಗಮನ ಒಂದು ಕಡೆ ನಿಲ್ಲುತ್ತದಾ ಅಥವಾ ಗಂಟೆ, ಪಟಾಕಿ ಅದನ್ನು ಚೆಲ್ಲಾಪಿಲ್ಲಿ ಮಾಡುತ್ತವಾ? ಆಟದಲ್ಲಿ ಬರುವುದು ಮಗುವಿನ ಬದುಕಿಗೆ ಸಂಬಂಧಪಟ್ಟದ್ದಾ? ಇನ್ನೊಬ್ಬರ ಜೊತೆ ಮಾತಿಗೆ ಎಡೆ ಇದೆಯಾ? ಅ ಒತ್ತಿದರೆ ಅರಸ, ಆ ಒತ್ತಿದರೆ ಆನೆ ಅಂತ ಕೂಗುವ ಆ್ಯಪ್‌ಗಳನ್ನು ಈ ನಾಲ್ಕಕ್ಕೆ ಹಿಡಿದು ನೋಡಿ. ಹೆಚ್ಚಿನವು ಒಂದರಲ್ಲೂ ಪಾಸಾಗುವುದಿಲ್ಲ. ಕನ್ನಡದ ಆ್ಯಪ್ ಆದರೆ ಇನ್ನೊಂದು ಕೆಲಸ ಮಾಡಿ, ಕಣ್ಣು ಮುಚ್ಚಿ ಕೇಳಿ. ಕೆಲವದರಲ್ಲಿ ಯಂತ್ರದ ದನಿ. ಹಾವು ‘ಆವು’ ಆಗಿರುತ್ತದೆ, ಬಾಳೆಹಣ್ಣು ಬಾಲೆಹಣ್ಣಾಗಿರುತ್ತದೆ. ಊರಿನಿಂದ ದೂರ, ಮನೆಯಲ್ಲಷ್ಟೇ ಕನ್ನಡ ಕೇಳುವ ಮಕ್ಕಳಿಗೆ ಇಂಥದ್ದನ್ನು ಕೊಡುವುದಕ್ಕಿಂತ ಅಜ್ಜಿಗೆ ವಿಡಿಯೋ ಕಾಲ್ ಮಾಡುವುದು ವಾಸಿ.

ನನ್ನನ್ನು ಕೇಳಿದರೆ, ನಾಲ್ಕು ವರ್ಷಕ್ಕೆ ಮಜಾ ಬಂದರೆ ಸಾಕು. ಹಸುವಿಗೆ ನೀಲಿ ಬಣ್ಣ ಬಳಿದು ನಕ್ಕ ಮಗು ಅವತ್ತು ಏನು ಕಲಿಯಿತು ಅಂತ ಲೆಕ್ಕ ಕೇಳಬೇಕಾಗಿಲ್ಲ.

ಎಷ್ಟು ಹೊತ್ತು, ಯಾರ ಜೊತೆ

ಇದರಲ್ಲಿ ಡಾಕ್ಟರುಗಳ ಮಾತು ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರಿಂದ ನಾಲ್ಕು ವರ್ಷದವರು ಕೂತು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡರಿಂದ ಐದು ವರ್ಷದವರಿಗೆ ಅದೇ 1 ಗಂಟೆ ಅನ್ನುತ್ತದೆ. ಎರಡು ತುಂಬದವರಿಗೆ ನೆಂಟರ ಜೊತೆ ವಿಡಿಯೋ ಕಾಲ್ ಬಿಟ್ಟು ಬೇರೇನೂ ಬೇಡ. ಈ ಗಂಟೆಯಲ್ಲಿ ಟಿವಿ, ಯೂಟ್ಯೂಬ್ ಎಲ್ಲ ಸೇರಿತು, ಬರೀ ಆಟಕ್ಕಲ್ಲ. ಅಂದರೆ ಆಟಕ್ಕೆ ಉಳಿಯುವುದು ಇಪ್ಪತ್ತು ನಿಮಿಷ, ಜಾಸ್ತಿ ಅಂದರೆ ಅರ್ಧ ಗಂಟೆ. ಊಟ ಮಾಡಿಸಲು ಫೋನ್ ಕೊಡುವ ರೂಢಿ ಬಹಳ ಮನೆಗಳಲ್ಲಿದೆ. ಅದೂ ಈ ಲೆಕ್ಕಕ್ಕೇ ಬರುತ್ತದೆ, ಹೇಳಿದರೆ ಬೇಜಾರಾಗಬಹುದು.

ನಿಲ್ಲಿಸುವಾಗ ಗಲಾಟೆ ಆಗುವುದು ಮಗುವಿನ ಹಟದಿಂದ ಮಾತ್ರ ಅಲ್ಲ. ಆಟಕ್ಕೆ ಮುಗಿಯುವ ಜಾಗವೇ ಇಲ್ಲದಿದ್ದರೆ ಎಲ್ಲಿ ನಿಲ್ಲಿಸುವುದು? ಒಂದು ಚಿತ್ರ ಮುಗಿಯಿತು, ಒಂದು ಪಜಲ್ ಜೋಡಿಸಿ ಆಯಿತು, ಒಂದು ಕಥೆ ಮುಗಿಯಿತು ಅನ್ನುವ ಆಟವಾದರೆ ಕೆಲಸ ಸುಲಭ. ಐದು ನಿಮಿಷ ಅಂದರೆ ಮಗುವಿಗೆ ಅರ್ಥವಾಗದು. ಇದೊಂದು ಚಿತ್ರ ಮುಗಿಸಿ ಮುಚ್ಚೋಣ ಪುಟ್ಟಾ ಅಂದರೆ ಆಗುತ್ತದೆ.

ಪಕ್ಕದಲ್ಲಿ ಕೂರಿ. ಪೂರ್ತಿ ಹೊತ್ತು ಆಗದಿದ್ದರೆ ಮೊದಲ ಕೆಲವು ದಿನವಾದರೂ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ, ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಅನ್ನುವ ಸೌಲಭ್ಯ ಇದೆ. ಹಾಕಿದರೆ ಮಗು ಆ ಒಂದು ಆಟದಿಂದ ಹೊರಗೆ ಬಂದು ನಿಮ್ಮ ಬಾಸ್‌ಗೆ ವಾಟ್ಸಾಪ್ ಕಳಿಸುವುದಿಲ್ಲ. ಮಗುವಿಗೆ ಕೊಡುವ ಮೊದಲು ನೀವೇ ಒಮ್ಮೆ ಆಡಿ. ಬೇಕಂತಲೇ ತಪ್ಪು ಒತ್ತಿ, ಸುಮ್ಮನೆ ಬಿಟ್ಟು ಕೂತು ನೋಡಿ, ಹೊರಗೆ ಹೋಗಲು ಪ್ರಯತ್ನಿಸಿ. ಹತ್ತು ನಿಮಿಷದಲ್ಲಿ ಆಟದ ಬುದ್ಧಿ ಗೊತ್ತಾಗುತ್ತದೆ.

ಎಷ್ಟು ಆಟ ಇರಬೇಕು? ಎರಡೋ ಮೂರೋ. ಈ ವಯಸ್ಸಿನವರು ಒಂದೇ ಕಥೆಯನ್ನು ದಿನಾ ರಾತ್ರಿ ಕೇಳುತ್ತಾರಲ್ವಾ, ಆಟವೂ ಹಾಗೇ. ಬೇಜಾರಾಯಿತು ಅಂತ ಅವರೇ ಹೇಳುವ ತನಕ ಹೊಸದು ಬೇಡ. ಐದು ದಾಟಿ, ತಾನೇ ಕಥೆ ಕಟ್ಟುವ ಹುಮ್ಮಸ್ಸು ಬಂದಾಗ ಸ್ಕ್ರಾಚ್ ಜೂನಿಯರ್ ತೋರಿಸಿ. 2014ರಲ್ಲಿ ಬಂದ, ಐದರಿಂದ ಏಳು ವರ್ಷದವರ ಉಚಿತ ಆ್ಯಪ್ ಅದು. ಬಣ್ಣದ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಬೆಕ್ಕು ನಡೆಯುತ್ತದೆ, ಕುಣಿಯುತ್ತದೆ, ಮಗುವಿನ ದನಿಯಲ್ಲೇ ಮಾತಾಡುತ್ತದೆ. ನಾಲ್ಕು ವರ್ಷಕ್ಕೇ ಕೊಟ್ಟರೆ ಎರಡು ತುಂಡು ಜೋಡಿಸುವಷ್ಟರಲ್ಲಿ ಎದ್ದು ಓಡುತ್ತಾರೆ, ಓಡಲಿ.